ಪೆರು ದೇಶದ ಹುಲ್ಲು

ಆ ವರ್ಷ ಏಪ್ರಿಲ್ ಹದಿನೆಂಟಾದರೂ ಮೇವಿಸ್ ಟಾಲಿಯ ಹಿತ್ತಿಲಲ್ಲಿ ಒಂದೇ ಒಂದು ಕುಡಿಯೂ ನೆಲ ಬಿಟ್ಟು ಮೇಲೆ ಬಂದಿರಲಿಲ್ಲ. ಬೆಳಗಾದರೆ ಸಾಕು, ಅವಳು ಮಲಗುವ ಅಂಗಿಯ ಮೇಲೆ ತೀರಿಹೋದ ಗಂಡನ ಕೋಟು ಹಾಕಿಕೊಂಡು, ರಬ್ಬರ್ ಬೂಟು ಏರಿಸಿ, ಆಸ್ಪರಾಗಸ್ ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣ್ಣನ್ನು ನೋಡುತ್ತಿದ್ದಳು. ಮಣ್ಣು ಅವಳನ್ನು ನೋಡುತ್ತಿತ್ತು, ಅಷ್ಟೇ.

ಈವ್‌ಶಮ್ ಪೇಟೆಯ ಕಡೆಯ ಹಳಬರು ಆಸ್ಪರಾಗಸ್ ಎನ್ನುವುದಿಲ್ಲ, ಹುಲ್ಲು ಎನ್ನುತ್ತಾರೆ. 'ಈ ಸಲ ಹುಲ್ಲು ಹೇಗೆ' ಎಂದು ಒಬ್ಬರನ್ನೊಬ್ಬರು ಕೇಳಿದರೆ ಅದು ದನದ ಮೇವಿನ ಮಾತಲ್ಲ. ಬೆರಳು ಗಾತ್ರದ ಹಸಿರು ಕುಡಿ, ತುದಿಯಲ್ಲಿ ಒಂದಿಷ್ಟು ನೇರಳೆ. ವಸಂತದಲ್ಲಿ ಎಂಟು ವಾರ ಕೊಯ್ದು ಹೊಟ್ಟೆ ತುಂಬ ತಿನ್ನುವುದು, ಆಮೇಲೆ ಮುಂದಿನ ವರ್ಷದವರೆಗೂ ಅದರ ಹೆಸರೆತ್ತದಿರುವುದು. ಅಂಗಡಿಗಳಲ್ಲಿ ಹನ್ನೆರಡು ತಿಂಗಳೂ ಸಿಗುವ ಪರದೇಶದ ಸರಕನ್ನು ಅವರು ತರಕಾರಿ ಎಂದೇ ಪರಿಗಣಿಸುವುದಿಲ್ಲ. ಮಗಳು ಒಮ್ಮೆ ಕ್ರಿಸ್‌ಮಸ್ ಊಟಕ್ಕೆ ಅದನ್ನು ಬಡಿಸಿದಾಗ ಮೇವಿಸ್ ತಟ್ಟೆಯ ಅಂಚಿಗೆ ಸರಿಸಿ, ಮೇಲೊಂದು ಕಾಗದದ ಕರವಸ್ತ್ರ ಹೊದಿಸಿ, ಹೆಣಕ್ಕೆ ಮಾಡುವ ಮರ್ಯಾದೆ ಮಾಡಿದ್ದಳು.

ಅವಳ ಊರು ಬ್ರಾಡ್‌ಮಿಯರ್. ಅಲ್ಲಿ ಏಪ್ರಿಲ್ ಇಪ್ಪತ್ತಮೂರರಂದು, ಸಂತ ಜಾರ್ಜನ ದಿನ, ಊರವರೆಲ್ಲ ಸಮುದಾಯ ಭವನದಲ್ಲಿ ಒಟ್ಟಿಗೆ ಮಧ್ಯಾಹ್ನದ ಊಟ ಮಾಡುತ್ತಾರೆ. ಹೊಳೆ ದಂಡೆಯಿಂದ ಕಿತ್ತು ತಂದ ಕಾಡುಬೆಳ್ಳುಳ್ಳಿ ಸೊಪ್ಪಿನ ಸೂಪು, ಎಳೆ ಕುರಿಮರಿಯ ಮಾಂಸ, ಸಿಪ್ಪೆ ಉಜ್ಜಿದರೆ ಬಿಟ್ಟುಬರುವಷ್ಟು ಎಳೆಯ ಆಲೂಗೆಡ್ಡೆ, ಕೊನೆಗೆ ಹುಳಿ ಹುಳಿಯಾದ ಕೆಂಪು ರೂಬಾರ್ಬ್ ದಂಟಿನ ಸಿಹಿ. ಆದರೆ ಇದೆಲ್ಲ ಆಮೇಲಿನ ಮಾತು. ಮೊದಲು ಆ ವರ್ಷದ ಮೊದಲ ಹುಲ್ಲು ಮೇಜಿಗೆ ಬರಬೇಕು, ಅದು ಊರಿನ ಮಣ್ಣಿನದೇ ಆಗಿರಬೇಕು. ಹಿಂದೆ ಹದಿನಾಲ್ಕು ಮನೆಗಳಿಂದ ಕಟ್ಟು ಬರುತ್ತಿತ್ತು. ಹಲವರು ಹೊಲ ಮಾರಿ ಮನೆ ಕಟ್ಟಲು ಬಿಟ್ಟುಕೊಟ್ಟ ಮೇಲೆ ಉಳಿದವರು ಇಬ್ಬರೇ: ಮೇವಿಸ್ ಮತ್ತು ಬೇಲಿಯಾಚೆಯ ಲೆನ್ ಹೆಮಿಂಗ್.

ಮೇವಿಸ್ ಮೂವತ್ತು ವರ್ಷ ಆ ಸುತ್ತಮುತ್ತಲಿಗೆಲ್ಲ ಟಪಾಲು ಹಂಚಿದವಳು. ಲೆನ್ ಶಾಲೆಯ ಬಸ್ಸು ಓಡಿಸಿದವನು. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು, ಇಬ್ಬರಿಗೂ ಈಗ ಎಪ್ಪತ್ತರ ಹತ್ತಿರ. ಮೂರು ವರ್ಷದ ಹಿಂದೆ ಲೆನ್ ಹತ್ತು ಜನರ ಎದುರು ಅವಳ ಹುಲ್ಲನ್ನು ಸ್ವೆಟರ್ ಹೆಣೆಯುವ ಕಡ್ಡಿ ಎಂದಿದ್ದ. ಅವಳು ಅವನದನ್ನು ಬೇಲಿ ಗೂಟ ಎಂದಿದ್ದಳು. ಅಂದಿನಿಂದ ಇಬ್ಬರ ನಡುವೆ ಮಾತು ಎಂದರೆ ಚುಚ್ಚುಮಾತು ಮಾತ್ರ.

ಈ ಸಲದ ಹಿಮ ಇಬ್ಬರನ್ನೂ ಸಮನಾಗಿ ಹೊಡೆದಿತ್ತು. ಆದರೆ ಅದು ಮೇವಿಸಳಿಗೆ ಗೊತ್ತಿರಲಿಲ್ಲ. ಲೆನ್ ತನ್ನ ಮಡಿಯ ಮೇಲೆ ಹಳೆಯ ಜಮಖಾನ ಹೊದಿಸಿಬಿಟ್ಟಿದ್ದ. ಕೆಳಗೆ ಏನಾಗುತ್ತಿದೆ ಎಂದು ಮೇಲ್ಮಹಡಿಯ ಬಚ್ಚಲ ಕಿಟಕಿಯಿಂದ ಎಷ್ಟು ಕತ್ತು ಚಾಚಿದರೂ ಕಾಣುತ್ತಿರಲಿಲ್ಲ. 'ಹೇಗಿದೆ ಲೆನ್' ಎಂದರೆ, ನಿಲ್ಲಿಸೋಕೇ ಆಗ್ತಿಲ್ಲ ಎನ್ನುತ್ತಿದ್ದ. ಅವಳೂ ಬಿಡಲಿಲ್ಲ. ತನ್ನದನ್ನು ದಿನಕ್ಕೆರಡು ಸಲ ಕೊಯ್ಯಬೇಕಾಗಿದೆ ಎಂದಳು. ಅಂದು ಸಂಜೆ ತಾನು ಹಾಸಿಗೆಗೆ ಇಟ್ಟುಕೊಳ್ಳುವ ಬಿಸಿನೀರಿನ ರಬ್ಬರ್ ಚೀಲವನ್ನು ಒಯ್ದು ಮಡಿಯ ನಟ್ಟನಡುವೆ ಇಟ್ಟು, ಮೇಲೆ ಗೋಣಿ ಮುಚ್ಚಿ ಬಂದಳು. ಬೆಳಿಗ್ಗೆ ಚೀಲದ ಮೇಲೆ ಒಂದು ಬಸವನಹುಳು ಹಾಯಾಗಿ ಮಲಗಿತ್ತು.

ಇಪ್ಪತ್ತೆರಡನೆಯ ತಾರೀಕು ಬೆಳಿಗ್ಗೆ ಮೇವಿಸ್ ತಲೆಗೆ ಸ್ಕಾರ್ಫ್ ಬಿಗಿದು, ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸು ಹತ್ತಿದಳು. ಈವ್‌ಶಮ್‌ನಲ್ಲಿ ಇಳಿಯಲಿಲ್ಲ. ಅಲ್ಲಿ ಎರಡು ಮನೆಗೊಬ್ಬರು ಅವಳ ಗುರುತಿನವರು. ನೇರ ವೂಸ್ಟರ್‌ಗೆ ಹೋಗಿ, ಒಂದು ದೊಡ್ಡ ಅಂಗಡಿ ಹೊಕ್ಕು, ತರಕಾರಿ ಸಾಲನ್ನು ಮೂರು ಸಲ ಸುಮ್ಮನೆ ದಾಟಿದಳು. ನಾಲ್ಕನೆಯ ಸಲ ಕಳ್ಳಿಯಂತೆ ಕೈ ಚಾಚಿದಳು. ಪೆರು ದೇಶದ್ದು ಎಂದು ಬರೆದ ಆರು ಕಟ್ಟುಗಳಿದ್ದವು. ಅದೇ ಕಟ್ಟಿಗೆ ಇನ್ನೊಂದು ಕೈಯೂ ಬಂತು. ಆ ಕೈಯ ಜಾಡು ಹಿಡಿದು ಮೇಲಕ್ಕೆ ನೋಡಿದರೆ, ಉಣ್ಣೆ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ ಲೆನ್ ಹೆಮಿಂಗ್.

"ಬ್ಯಾಟರಿ ತಗೊಳ್ಳೋಕೆ ಬಂದೆ," ಎಂದ ಲೆನ್.

"ತರಕಾರಿ ಸಾಲಿನಲ್ಲಾ?"

"ಹುಡುಕ್ತಾ ಇದೀನಿ. ನೀನ್ಯಾಕೆ ಬಂದೆ?"

"ನಮ್ಮ ಚಿಕ್ಕಮ್ಮನ್ನ ನೋಡ್ಕೊಂಡು ಹೋಗೋಣ ಅಂತ."

"ನಿಮ್ಮ ಚಿಕ್ಕಮ್ಮ ಹೋಗಿ ಒಂಬತ್ತು ವರ್ಷ ಆಯ್ತು ಮೇವಿಸ್. ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದು ನಾನೇ."

ಇಬ್ಬರೂ ಸ್ವಲ್ಪ ಹೊತ್ತು ಹೂಕೋಸು ನೋಡುತ್ತ ನಿಂತರು. ಆಮೇಲೆ ಲೆನ್ ತನ್ನ ಜಮಖಾನದ ಕೆಳಗೆ ಒಂದು ಇಲಿ ಮರಿ ಹಾಕಿದೆ, ಬೇರೇನೂ ಇಲ್ಲ ಎಂದು ಒಪ್ಪಿಕೊಂಡ. ಮೇವಿಸ್ ಬಸವನಹುಳುವಿನ ಕತೆ ಹೇಳಿದಳು. ಮೂರು ಕಟ್ಟು ಅವನಿಗೆ, ಮೂರು ಅವಳಿಗೆ. ವಾಪಸು ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ, ಅವನು ಕೊನೆಯ ಸೀಟಿನಲ್ಲಿ ಕೂತರು.

ಮಧ್ಯಾಹ್ನ ಲೆನ್‌ನ ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಶುರುವಾಯಿತು. ನೀಲಿ ರಬ್ಬರ್ ಬ್ಯಾಂಡುಗಳನ್ನು ಬಿಚ್ಚಿ ಒಲೆಗೆ ಹಾಕಿದರು. ಪೆರು ದೇಶದ ಕುಡಿಗಳು ಪ್ರಾರ್ಥನೆಗೆ ನಿಂತ ಶಾಲಾಮಕ್ಕಳಂತೆ ಎಲ್ಲ ಒಂದೇ ಎತ್ತರ, ಬುಡವೂ ಅಳತೆ ಹಿಡಿದು ಕತ್ತರಿಸಿದ್ದು. ಲೆನ್ ಒಂದೊಂದರ ಬುಡವನ್ನೂ ಚಾಕುವಿನಲ್ಲಿ ಓರೆಕೋರೆ ಮಾಡಿದ. ಮೇವಿಸ್ ತನ್ನ ಹಿತ್ತಿಲಿಂದ ಒಂದು ಬಕೆಟ್ ಮಣ್ಣು ತಂದು, ನೀರಲ್ಲಿ ಕಲಸಿ, ಬೆರಳಿಂದ ಕುಡಿಗಳಿಗೆ ಬಳಿದಳು. ಹುಟ್ಟಿದಂದಿನಿಂದ ತರಕಾರಿಯ ಮಣ್ಣು ತೊಳೆದ ಕೈ ಅದು. ಈಗ ತೊಳೆದದ್ದಕ್ಕೇ ಮಣ್ಣು ಹಚ್ಚುತ್ತಿತ್ತು. ತನ್ನ ಮೂರು ಕಟ್ಟಿನಲ್ಲಿ ಎರಡು ಕುಡಿ ಸೊಟ್ಟಗಿದ್ದುದು ಕಂಡು, ಇವು ನೋಡೋಕೆ ನಮ್ಮವರ ಹಾಗೇ ಇವೆ ಎಂದಳು. ಲೆನ್ ನಕ್ಕ. ಅವಳೂ ನಕ್ಕಳು. ಒಬ್ಬೊಬ್ಬರ ಮೂರನ್ನೂ ಒಂದೊಂದು ದೊಡ್ಡ ಕಟ್ಟಾಗಿ ಸೇರಿಸಿ, ಹಳೆಯ ಪದ್ಧತಿಯಂತೆ ವಿಲ್ಲೋ ಮರದ ಎಳೆ ಬರಲಿನಿಂದ ಎರಡು ಕಡೆ ಬಿಗಿದಾಗ, ಅವು ಬ್ರಾಡ್‌ಮಿಯರ್ ಬಿಟ್ಟು ಆಚೆ ಹೋದವೇ ಅಲ್ಲ ಎನ್ನುವಂತಿದ್ದವು.

ಮರುದಿನ ಭವನದಲ್ಲಿ ಎರಡು ಕಟ್ಟನ್ನೂ ಎಲ್ಲರಿಗೂ ಕಾಣುವಂತೆ ಇಟ್ಟು, ಆಮೇಲೆ ಒಳಗೊಯ್ದು ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸಿ, ಬೆಣ್ಣೆ ಸುರಿದು ತಂದರು. ಮೊದಲ ಕುಡಿ ಹೊರೇಸಜ್ಜನಿಗೆ. ತೊಂಬತ್ತೆರಡು ವರ್ಷದ ಹೊರೇಸಜ್ಜ ಎಪ್ಪತ್ತು ವರ್ಷ ಹುಲ್ಲು ಬೆಳೆದವನು. ಕಣ್ಣು ಮಂಜು, ಕಿವಿ ಅರ್ಧ. ಆದರೆ ಅವನ ನಾಲಗೆಯ ತೀರ್ಪಿಗೆ ಊರಲ್ಲಿ ಎದುರು ಮಾತಿಲ್ಲ. ಅವನು ಮೇವಿಸಳ ಕಟ್ಟಿನದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದ.

"ಮೇವಿಸಳ ಹಿತ್ತಿಲು," ಎಂದ ಅಜ್ಜ. "ಕಣ್ಣು ಕಟ್ಟಿ ಕೊಟ್ರೂ ಹೇಳ್ತೀನಿ. ಆ ಮಣ್ಣಲ್ಲಿ ಕಬ್ಬಿಣ ಇದೆ."

ಆಮೇಲೆ ಇನ್ನೊಂದನ್ನು ತಿಂದು ಮುಖ ಸ್ವಲ್ಪ ಕಿವುಚಿದ. ಲೆನ್ ಇದಕ್ಕೆ ನೀರು ಜಾಸ್ತಿ ಹಾಯಿಸಿದ್ದಾನೆ, ಆದರೂ ನಮ್ಮೂರದ್ದು ನಮ್ಮೂರದ್ದೇ ಎಂದ.

ಲೆನ್ ಮುಖ ಕೆಂಪೇರಿತು. ಎಲ್ಲಿ ನೀರು ಜಾಸ್ತಿ, ಒಂದು ಹನಿಯೂ ಜಾಸ್ತಿ ಇಲ್ಲ ಎಂದು ವಾದಕ್ಕೆ ನಿಂತ. ತಾನು ಕಂಡೂ ಇರದ ಯಾವುದೋ ಹೊಲದ ಪರವಾಗಿ ಅವನು ಹಾಗೆ ಜಗಳವಾಡುವುದನ್ನು ಕಂಡು ಮೇವಿಸಳಿಗೆ ಬೆರಗಾಯಿತು. ಅದಕ್ಕಿಂತ ಬೆರಗಿನ ಸಂಗತಿಯೆಂದರೆ, ತಾನು ಗೆದ್ದೆ ಎಂದು ತನ್ನ ಎದೆಯೂ ಉಬ್ಬಿದ್ದು.

ಹೊಸದಾಗಿ ಲಂಡನ್ನಿನಿಂದ ಬಂದಿದ್ದ ಪಾದ್ರಿಯಮ್ಮ ಇಮೊಜೆನ್ ಎದ್ದು ನಿಂತಳು. ಒಂದು ಊರಿಗೆ ಒಂದು ರುಚಿ ಇರುತ್ತದೆ ಎಂದು ಯಾರೋ ಹೇಳಿದರೆ ತಾನು ನಂಬುತ್ತಿರಲಿಲ್ಲ, ಇವತ್ತು ನಂಬಿದೆ ಎಂದಳು. ಇಷ್ಟು ವರ್ಷ ಪರದೇಶದ ಪೊಟ್ಟಣ ತಿಂದು ಬದುಕಿದ್ದಕ್ಕೆ ನಾಚಿಕೆಯಾಗುತ್ತಿದೆ, ಇನ್ನು ಅದನ್ನು ಮುಟ್ಟುವುದಿಲ್ಲ ಎಂದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ನಿಜಕ್ಕೂ ಒದ್ದೆಯಾಯಿತು.

ಆ ಕಣ್ಣೀರನ್ನು ಮೇವಿಸಳಿಗೆ ತಡೆದುಕೊಳ್ಳಲಾಗಲಿಲ್ಲ. ಮೂವತ್ತು ವರ್ಷ ಒಬ್ಬರ ಕಾಗದ ಇನ್ನೊಬ್ಬರಿಗೆ ಕೊಟ್ಟವಳಲ್ಲ ಅವಳು. ಲೆನ್ ಕಾಲು ತುಳಿದರೂ ಕೇಳದೆ ಎದ್ದು, ಇದು ನನ್ನದೂ ಅಲ್ಲ, ಲೆನ್‌ದೂ ಅಲ್ಲ, ಪೆರು ದೇಶದ್ದು, ನಿನ್ನೆ ವೂಸ್ಟರ್‌ನಲ್ಲಿ ಕೊಂಡದ್ದು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಭವನದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಸೋತ ಲೆನ್‌ಗೆ ಬೇಜಾರಾಗಬಾರದು ಎಂದು ಹೀಗೆ ಹೇಳುತ್ತಿದ್ದಾಳೆ, ಎಂಥ ದೊಡ್ಡ ಮನಸ್ಸು ಎಂದು ಪಕ್ಕದವಳು ಬೆನ್ನು ತಟ್ಟಿದಳು. ನಗದವನು ಹೊರೇಸಜ್ಜ ಒಬ್ಬನೇ.

"ಎಪ್ಪತ್ತು ವರ್ಷ ಇದನ್ನ ಬೆಳ್ದು ತಿಂದವನು ನಾನು," ಎಂದ ಅವನು, ಊರುಗೋಲು ನೆಲಕ್ಕೆ ಕುಟ್ಟಿ. "ನಿಮ್ಮಪ್ಪನಿಗೆ ಗಿಡ ನೆಡೋದು ಹೇಳ್ಕೊಟ್ಟವನು. ನಂಗೆ ಪೆರು ಅಂತ ಹೇಳ್ತೀಯಲ್ಲೇ."

"ಲೆನ್, ನೀನಾದ್ರೂ ಹೇಳೋ," ಎಂದಳು ಮೇವಿಸ್.

ಲೆನ್ ಸೂರು ನೋಡಿದ. "ಪಾಪ, ಬೆಳಗ್ಗಿಂದ ಹೊಟ್ಟೆಗೆ ಏನೂ ಹಾಕಿಲ್ಲ ಅವಳು," ಎಂದ.

ಅವಳನ್ನು ಕೂರಿಸಿ, ಬಲವಂತವಾಗಿ ಸೂಪು ಕುಡಿಸಿದರು. ಮುಂದಿನ ಭಾನುವಾರ ಪಾದ್ರಿಯಮ್ಮ ಚರ್ಚಿನಲ್ಲಿ ವಿನಯದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದಳು. ಹೆಸರು ಹೇಳಲಿಲ್ಲ, ಆದರೆ ಎಲ್ಲರೂ ಹಿಂತಿರುಗಿ ಮೇವಿಸಳನ್ನೇ ನೋಡಿದರು. ನಿಜ ಹೇಳಿ ಒಳ್ಳೆಯವಳೆನಿಸಿಕೊಂಡ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಎಂದು ಅವಳಿಗೆ ತಿಳಿಯಲಿಲ್ಲ. ಲೆನ್ ಬೇಲಿ ಹತ್ತಿರ ಬಂದಾಗಲೆಲ್ಲ ಅವಳು ಒಳಗೆ ಹೋಗುತ್ತಿದ್ದಳು.

ಮೇ ಎರಡರಂದು ಗಾಳಿ ತಿರುಗಿ ಬೆಚ್ಚಗಾಯಿತು. ಮರುದಿನ ಬೆಳಿಗ್ಗೆ ಮೇವಿಸ್ ಹಿತ್ತಿಲಿಗೆ ಬಂದರೆ ಮಡಿಯ ಉದ್ದಕ್ಕೂ ಮಣ್ಣು ಬಿರಿದು, ನಲವತ್ತು ಕುಡಿಗಳು ಯಾರೋ ಕರೆದರೆಂಬಂತೆ ಎದ್ದು ನಿಂತಿದ್ದವು. ಅವಳು ಕೊಕ್ಕೆಚಾಕು ತಂದು, ಮಣ್ಣಿನೊಳಗೆ ತೂರಿಸಿ ಒಂದೊಂದನ್ನೇ ಕೊಯ್ದಳು. ಕೊಯ್ದ ಬಾಯಿಂದ ನೀರು ಜಿನುಗುತ್ತಿತ್ತು. ಹತ್ತನ್ನು ಆಗಲೇ ಬೇಯಿಸಿ, ಬಟ್ಟೆಯಲ್ಲಿ ಸುತ್ತಿ, ಬಿಸಿ ಆರುವ ಮುಂಚೆ ಹೊರೇಸಜ್ಜನ ಮನೆಗೆ ಓಡುನಡಿಗೆಯಲ್ಲಿ ಒಯ್ದಳು. ಈ ಸಲವಾದರೂ ಅಜ್ಜನ ನಾಲಗೆಗೆ ನಿಜ ತಿಳಿಯಲಿ ಎಂಬುದು ಅವಳ ಆಸೆ.

ಅಜ್ಜ ಕಣ್ಣು ಮುಚ್ಚಿ ಒಂದು ತಿಂದ. ಇನ್ನೊಂದು ತಿಂದ. ಹತ್ತನ್ನೂ ಮುಗಿಸಿ, ಬೆರಳು ನೆಕ್ಕಿ, ಕುರ್ಚಿಗೆ ಒರಗಿದ.

"ಚೆನ್ನಾಗಿದೆ ಮಗಳೇ," ಎಂದ. "ಆದ್ರೆ ಹಬ್ಬದ ದಿನ ತಂದಿದ್ಯಲ್ಲ, ಅದರ ಹಾಗಿಲ್ಲ."

ಮೇವಿಸ್ ಖಾಲಿಯಾದ ಬಟ್ಟೆಯನ್ನು ಮಡಚಿಕೊಂಡಳು. "ಹೌದಜ್ಜ," ಎಂದಳು. "ಆ ಮಣ್ಣೇ ಬೇರೆ."

ಮನೆಗೆ ಬಂದಾಗ ಲೆನ್ ಹಿತ್ತಿಲ ಗೇಟಿನ ಹತ್ತಿರ ನಿಂತಿದ್ದ. ಒಂದು ಕೈಯಲ್ಲಿ ತನ್ನ ಮಡಿಯ ಕುಡಿಗಳು, ಇನ್ನೊಂದರಲ್ಲಿ ಕಾಗದ ಸುತ್ತಿದ ಬೆಣ್ಣೆ. ಅವತ್ತು ನಾನು ಬಾಯಿ ಬಿಡಬೇಕಿತ್ತು ಎಂದ. ಬಿಡಬೇಕಿತ್ತು ಎಂದಳು ಅವಳು. ಇಲಿ ಸಂಸಾರ ಸಮೇತ ಬೇರೆ ಕಡೆ ಹೋಯಿತು ಎಂದ. ಅವಳು ಹೊರೇಸಜ್ಜನ ತೀರ್ಪು ಹೇಳಿದಳು. ಲೆನ್ ನಗು ತಡೆಯಲಾರದೆ ಗೇಟು ಹಿಡಿದುಕೊಂಡ.

ಅವಳು ಒಲೆಯ ಮೇಲೆ ನೀರಿಟ್ಟು, ಎರಡೂ ಮಡಿಯ ಕುಡಿಗಳನ್ನು ಒಟ್ಟಿಗೇ ಹಾಕಿದಳು. ಐದು ನಿಮಿಷ, ಅಷ್ಟೇ. ತಟ್ಟೆಗೆ ಹಾಕುವ ಶಾಸ್ತ್ರವನ್ನೂ ಮಾಡದೆ, ಬಟ್ಟೆಯ ಮೇಲೆ ಸುರಿದುಕೊಂಡು, ಬೆಣ್ಣೆಯಲ್ಲಿ ಅದ್ದಿ, ಅಡುಗೆಮನೆಯ ಹೊಸಿಲ ಮೇಲೆ ಬಿಸಿಲಿಗೆ ಮುಖ ಕೊಟ್ಟು ತಿಂದರು. ಹಲ್ಲಿಗೆ ಸಿಕ್ಕಾಗ ಸಣ್ಣದೊಂದು ಟಪ್ ಸದ್ದು, ಆಮೇಲೆ ಹಸಿ ಬಟಾಣಿಯಂಥ ಸಿಹಿ, ಅದರ ಹಿಂದೆಯೇ ಮಳೆ ಬಿದ್ದ ಮಣ್ಣಿನ ವಾಸನೆಯಂಥದೇನೋ. ಬೆಣ್ಣೆ ಮುಂಗೈ ದಾಟಿ ಮೊಣಕೈಗೆ ಇಳಿಯಿತು. ಯಾವುದು ಯಾರ ಮಡಿಯದು ಎಂದು ಇಬ್ಬರಿಗೂ ತಿಳಿಯಲಿಲ್ಲ, ಇಬ್ಬರೂ ಕೇಳಲಿಲ್ಲ. ಕೊನೆಯದು ಮುಗಿದ ಮೇಲೆ ಲೆನ್, ಬೆಣ್ಣೆ ಒರೆಸಿಕೊಳ್ಳಲು ಒಂದು ತುಂಡು ಬ್ರೆಡ್ ಇದೆಯೇ ಎಂದ. ಮೇವಿಸ್ ಬ್ರೆಡ್ ತರಲು ಒಳಗೆ ಹೋದಳು. ಹೋಗುವಾಗ ಇನ್ನೊಂದು ಪಾತ್ರೆ ನೀರು ಒಲೆಗಿಟ್ಟಳು.