ದೂರದ ಹುಲಿಗೆ ಬೇಕಾದ ಕ್ಯಾಮೆರಾ

ಸಫಾರಿಗೆ ಹೊರಟವಳು ನಾನು, ದುಡ್ಡೂ ನಾನು ಟ್ಯೂಷನ್ ಹೇಳಿ ಕೂಡಿಸಿದ್ದು. ಆದರೂ ಕ್ಯಾಮೆರಾ ಅಂಗಡಿಯವರು ಅಣ್ಣನ ಜೊತೆಗೇ ಮಾತಾಡುತ್ತಿದ್ದರು.

"ತಂಗಿಗೆ ಈ ಪುಟ್ಟದೇ ಸಾಕು ಸರ್, ಹಗುರ."

ಅಣ್ಣ ಅದರಲ್ಲಿ ತನ್ನದೇ ಮುಖದ ಫೋಟೋ ತೆಗೆದು ನೋಡಿಕೊಂಡ. "ಸೂಪರ್! ಇದನ್ನೇ ಕೊಡಿ."

ಅದೇ ಬೆಲೆಯ ಹಳೆಯ ಜೂಮ್ ಕ್ಯಾಮೆರಾ ಪಕ್ಕದಲ್ಲೇ ಇತ್ತು. ನಾನು ಅದನ್ನು ತೋರಿಸಿದೆ.

"ಸೆಕೆಂಡ್ ಹ್ಯಾಂಡ್ ಕಣೇ ಅದು. ನಿಂಗೇನ್ ಗೊತ್ತಾಗುತ್ತೆ, ಸುಮ್ನಿರು."

ಸುಮ್ಮನಿದ್ದೂ ಇದ್ದೂ ಸಾಕಾಗಿತ್ತು. ಮೈಯೆಲ್ಲ ಉರಿದುಹೋಯಿತು. ಅದನ್ನೆತ್ತಿ ರಸ್ತೆಯಾಚೆ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಕಾಗೆಗೆ ಗುರಿಯಿಟ್ಟೆ. ಪರದೆಯ ತುಂಬ ಕಾಗೆಯ ಕಣ್ಣು.

"ನೋಡು! ಹುಲಿ ನಿನ್ನ ಹಾಗೆ ಹತ್ರ ಬಂದು ಹಲ್ಲು ಕಿರಿಯಲ್ಲ!"

ಅಣ್ಣ ಕೈಲಿದ್ದ ಪುಟ್ಟ ಕ್ಯಾಮೆರಾ ಕೆಳಗಿಟ್ಟ. ಅಂಗಡಿಯವರು ಬಿಲ್ಲಿಗೆ ಅವನ ಹೆಸರು ಕೇಳಿದರು.

"ನನ್ನ ಹೆಸರು ಬರೀರಿ," ಎಂದು ಕಿರುಚಿದೆ. ಇಡೀ ಅಂಗಡಿ ತಿರುಗಿ ನೋಡಿತು. ನಾನು ತಲೆ ತಗ್ಗಿಸಲಿಲ್ಲ.