ಕಮಲಾಪುರದ ಹೆಂಗಸರ ಯಾದಿ

ದೇಶದ ಮೊದಲ ಚುನಾವಣೆಗೆ ಮತದಾರರ ಯಾದಿ ತಯಾರಾಗುತ್ತಿದ್ದ ದಿನಗಳವು. ಕಲಬುರಗಿಯ ಬ್ರಹ್ಮಪುರದಲ್ಲಿ ಮಹಿಳಾ ಮಂಡಳಿ ನಡೆಸುತ್ತಿದ್ದ ವಿಮಲಾಬಾಯಿಗೆ ಕಮಲಾಪುರದ ಯಾದಿಯ ಒಂದು ಹಾಳೆ ನೋಡಲು ಸಿಕ್ಕಿತು. ಗಂಡಸರಿಗೆಲ್ಲ ಹೆಸರಿತ್ತು. ಹೆಂಗಸರು ಮಾತ್ರ ಮಲ್ಲಣ್ಣನ ಹೆಂಡತಿ, ಗುಂಡಣ್ಣನ ತಾಯಿ, ಭೀಮಶಾನ ಸೊಸೆ. ಇಂಥವರನ್ನು ಕೊನೆಗೆ ಯಾದಿಯಿಂದ ತೆಗೆದುಹಾಕುತ್ತಾರೆಂದು ಆಕೆಗೆ ಗೊತ್ತಿತ್ತು. ಶಾಲೆಗೆ ರಜೆ ಹಾಕಿ ಮರುದಿನವೇ ಕಮಲಾಪುರದ ಮೋಟಾರು ಹತ್ತಿದಳು.

ವಿಮಲಾಬಾಯಿಗೆ ಆಗ ಮೂವತ್ತೆರಡು ವರ್ಷ. ಹದಿನೇಳಕ್ಕೆ ಗಂಡ ತೀರಿಹೋಗಿದ್ದ. ಆಮೇಲೆ ಹಟ ಹಿಡಿದು ಓದಿ ಶಿಕ್ಷಕಿಯಾಗಿದ್ದಳು. ಕಮಲಾಪುರದಲ್ಲಿ ಆಕೆಯ ಅಕ್ಕ ಕಸ್ತೂರಿಬಾಯಿಯ ಮನೆ ಇತ್ತು. ಅಕ್ಕನ ಗಂಡ ನೀಲಕಂಠ ಊರಿನ ದೊಡ್ಡ ಜಮೀನುದಾರ. ಬ್ರಹ್ಮಪುರದಲ್ಲಿ ಮಂಡಳಿ ನಡೆಯುತ್ತಿದ್ದ ಎರಡು ಕೋಣೆಗಳೂ ಅವನವೇ. ಹೆಸರು ಬರೆಸುವ ಕೆಲಸಕ್ಕೂ ಅವನೇ ತನ್ನ ಮನೆಯ ಪಡಸಾಲೆ ಬಿಟ್ಟುಕೊಟ್ಟ.

ಊರಿನ ಲೆಕ್ಕ ಬರೆಯುವ ಪಟವಾರಿ ದೇವಿಂದ್ರಪ್ಪ ಹಾಳೆ ಹರವಿಕೊಂಡು ಕೂತ. ಹೆಂಗಸರು ಬಂದರು, ಸೆರಗು ಬಾಯಿಗೆ ಹಿಡಿದು ನಿಂತರು. ಹೆಸರು ಕೇಳಿದರೆ ನೆಲ ನೋಡಿದರು. ಕೊನೆಗೆ ಅಂಗಳದಲ್ಲಿ ನಿಂತಿದ್ದ ಸೂಲಗಿತ್ತಿ ಮಾನಮ್ಮ ನಕ್ಕಳು.

"ನಾ ಹೇಳ್ತೀನ್ರಿ ಅಕ್ಕೋರ. ಹೆರಿಗಿ ಬ್ಯಾನ್ಯಾಗ ಎಲ್ಲಾರೂ ತಮ್ಮ ಹೆಸರು ತಾವೇ ಕರಕೊಂಡು ಅತ್ತಾರ. ನೀಲಿ ಸೀರಿಯಾಕಿ ಗೌರಾಬಾಯಿ. ಆಕಿ ಹಿಂದಿನಾಕಿ ಶೇವಂತಾ."

ಹೆಂಗಸರೆಲ್ಲ ನಕ್ಕರು. ಬಾಯಿ ಬಿಚ್ಚಿತು. ವಿಮಲಾಬಾಯಿ ಮಾನಮ್ಮನನ್ನು ಮೇಲೆ ಬಾ ಎಂದು ಕರೆದಳು. ಕೇರಿಯವಳಾದ ಆಕೆ ನೀಲಕಂಠನ ಮುಖ ನೋಡಿ ಅಂಗಳದಲ್ಲೇ ಉಳಿದಳು. ಆಗ ವಿಮಲಾಬಾಯಿ ತಾನೇ ಇಳಿದುಹೋಗಿ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಎರಡು ದಿನದಲ್ಲಿ ನೂರಾ ಎಪ್ಪತ್ತು ಹೆಸರು ಬಿದ್ದವು. ಕಸ್ತೂರಿಬಾಯಿಯೂ ಗಂಡನ ಎದುರಿಗೆ ತನ್ನ ಹೆಸರನ್ನು ತಾನೇ ಹೇಳಿದಳು.

ಮೂರನೆಯ ದಿನ ಬಂದವಳು ರೋಷನಬಿ. ಕೇಳುವ ಮೊದಲೇ ಹೆಸರು ಹೇಳಿದಳು. ಗಂಡನ ಹೆಸರನ್ನೂ ಹೇಳಿದಳು. "ಹಮೀದ್. ಕಲಾಯಿ ಹಮೀದ್."

ದೇವಿಂದ್ರಪ್ಪ ಲೇಖಣಿ ಕೆಳಗಿಟ್ಟ. "ಅಂವ ಪಾಕಿಸ್ತಾನಕ್ಕ ಹೋಗ್ಯಾನ. ದೇಶ ಬಿಟ್ಟವನ ಹೇಣ್ತಿ ಹೆಸರು ಬರ್ಯಾಕ ಬರಂಗಿಲ್ಲ."

"ಆಕಿ ಇಲ್ಲೇ ಅದಾಳಲ್ರೀ," ಎಂದಳು ವಿಮಲಾಬಾಯಿ.

"ನಾಳೆ ಗಂಡನ ಹಿಂದ ಹೋಗಾಕಿ. ಮ್ಯಾಲಿನವರು ನನ್ನ ಕೇಳ್ತಾರ್ರೀ."

ರೋಷನಬಿಗೆ ಅದರಿಂದ ಸಿಟ್ಟು ಬರಲಿಲ್ಲ. ಮುಖ ಅರಳಿತು. "ಖರೇ ಅದ ಅಕ್ಕೋರ. ಕರಾಚಿಯಾಗ ಅದಾರಂತ. ಒಂದ್ ದಿನ ಖತ್ ಬರ್ತದ. ಓಟು ಇಲ್ಲದಿದ್ರ ಇಲ್ಲ, ಹೋಗ್ಲಿ ಬಿಡ್ರಿ." ಮೂರು ವರ್ಷಗಳಿಂದ ಆಕೆ ಟಪಾಲಿನವನನ್ನು ತಪ್ಪದೆ ಕೇಳುತ್ತಿದ್ದಳೆಂದು ಆಮೇಲೆ ಯಾರೋ ಹೇಳಿದರು.

ಮಾನಮ್ಮ ಆ ಹೊತ್ತಿಗೆ ಅಂಗಳದಿಂದ ಎದ್ದುಹೋಗಿದ್ದಳು. ಸಂಜೆ ವಿಮಲಾಬಾಯಿ ಕೇರಿಗೆ ಹುಡುಕಿಕೊಂಡು ಹೋದಳು. ಮಾನಮ್ಮ ಜೋಳ ಹಸನು ಮಾಡುತ್ತಿದ್ದಳು. ಮೊರ ಬದಿಗಿಟ್ಟಳು.

"ಹಮೀದ್ ಎಲ್ಲೂ ಹೋಗಿಲ್ರೀ. ಊರ ಹೊರಗ ಕೆಂಪು ಮೊರಮ್ ತಗ್ಗಿನ್ಯಾಗ ಅದಾನ."

"ಯಾರು ಹೇಳಿದ್ರು?"

"ನಾನೇ ನೋಡೀನಿ. ನಿಜಾಮನ ರಾಜ್ಯಕ್ಕ ಮಿಲಿಟರಿ ಬಂದು ನಾಕ ದಿನ ಆಗಿತ್ತು. ಮಟಮಟ ಮಧ್ಯಾಹ್ನ. ಕಟಿಗಿ ಆರಸಾಕ ಹೋಗಿದ್ದೆ. ಐದಾರು ಮಂದಿ ಎಳಕೊಂಡು ಬಂದ್ರು. ಊರಿಗೆಲ್ಲಾ ಗೊತ್ತದರಿ. ಆಕಿಗೊಬ್ಬಾಕಿಗೆ ಗೊತ್ತಿಲ್ಲ."

"ಯಾರು ಆ ಮಂದಿ?"

ಮಾನಮ್ಮ ಮೊರ ಮತ್ತೆ ಎತ್ತಿಕೊಂಡಳು. "ಇವತ್ತ ನೀವು ಉಂಡ್ರಲ್ರೀ, ಆ ಮನ್ಯಾಗ ಕೇಳ್ರಿ."

ಆ ಮಳೆಗಾಲ ವಿಮಲಾಬಾಯಿಗೆ ಚೆನ್ನಾಗಿ ನೆನಪಿತ್ತು. ನೀಲಕಂಠನ ತಮ್ಮನನ್ನು ನಿಜಾಮನ ಪರ ನಿಂತ ರಜಾಕಾರರು ಹೊಲದಲ್ಲಿ ಕಡಿದು ಹಾಕಿದ್ದರು. ಇಪ್ಪತ್ತೆರಡರ ಹುಡುಗ. ಆಕೆ ಅಕ್ಕನ ಮನೆಗೆ ಬಂದು ಅತ್ತು ಹೋಗಿದ್ದಳು. ಹಮೀದ್ ರಜಾಕಾರನಾಗಿರಲಿಲ್ಲ. ಅಕ್ಕನ ಮನೆಯ ತಾಮ್ರದ ಹಂಡೆ, ಕೊಡಗಳಿಗೆಲ್ಲ ದಸರೆಯ ಮುಂದೆ ಕಲಾಯಿ ಹಾಕಿಕೊಟ್ಟು, ಒಂದು ಸೇರು ಜೋಳ ಹೆಚ್ಚಿಗೆ ಕೇಳಿ ಕಸ್ತೂರಿಬಾಯಿಯ ಜೊತೆ ಜಗಳಾಡುತ್ತಿದ್ದವನು.

ಮರುದಿನ ಬೆಳಿಗ್ಗೆ ವಿಮಲಾಬಾಯಿ ಮಾನಮ್ಮನಿಗೆ, "ಸದ್ಯಕ್ಕ ಈ ಮಾತು ಬ್ಯಾಡ. ಮೊದಲ ಉಳಿದವರ ಹೆಸರು ಮುಗೀಲಿ," ಎಂದಳು. ಮಂಡಳಿಯ ಕೋಣೆ, ಅಲ್ಲಿ ಅಕ್ಷರ ಕಲಿಯುವ ಮೂವತ್ತು ಹೆಂಗಸರು, ಅಕ್ಕ, ಎಲ್ಲವೂ ಆಕೆಯ ಕಣ್ಣ ಮುಂದೆ ಬಂದಿದ್ದವು. ಎರಡು ದಿನ ಹಾಗೇ ಕಳೆದವು. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದುಬಿಡುತ್ತಿದ್ದಳು. ಅಕ್ಕ ಮೈಯಲ್ಲಿ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡಿದಳು.

ಕೊನೆಯ ದಿನ ಬೆಳಿಗ್ಗೆ ಮಾನಮ್ಮ ಆಕೆಯನ್ನು ದಾರಿಯಲ್ಲೇ ತಡೆದಳು.

"ಹೆಸರು ಹೇಳಾಕ ಅಂಜಬ್ಯಾಡ್ರಿ ಅಂತ ನಮಗ ನೀವೇ ಹೇಳಿದ್ರಿ. ಈಗ ನೀವೇ ಅಂಜಾಕತ್ತೀರಿ."

"ನಿನಗ ಈ ಊರಾಗ ಬಾಳ್ವಿ ಮಾಡೋದದ, ಮಾನಮ್ಮ."

"ಮೂರು ವರ್ಷದಿಂದ ಬಾಳ್ವಿ ಮಾಡಾಕತ್ತೀನ್ರಿ. ಇನ್ನ ಆಗಂಗಿಲ್ಲ."

ಆಕೆ ಹೋಗಿ ರೋಷನಬಿಯ ಕೈ ಹಿಡಿದು ಕರೆತಂದಳು. ನೀಲಕಂಠ ಕಂಬಕ್ಕೆ ಒರಗಿ ಕೂತಿದ್ದ. ಅಂಗಳದಲ್ಲಿ ನಲವತ್ತು ಹೆಂಗಸರಿದ್ದರು. ಮಾನಮ್ಮ ಮೆಟ್ಟಿಲು ಹತ್ತಿ, ಅದೇ ಮೊದಲ ಸಲ, ಪಡಸಾಲೆಯ ಮೇಲೆ ನಿಂತಳು.

"ಪಟವಾರಿ ಸಾಹೇಬ್ರ, ಈಕಿ ಗಂಡ ಪಾಕಿಸ್ತಾನಕ್ಕ ಹೋಗಿಲ್ರಿ. ಸತ್ತಾನ. ಮೊರಮ್ ತಗ್ಗಿನ್ಯಾಗ ಮುಚ್ಚ್ಯಾರ. ನಾ ನೋಡೀನಿ. ಈಕಿ ಹೆಸರು ಬರಕೊಳ್ರಿ."

ಸುಳ್ಳು ಎಂದು ಯಾರೂ ಅನ್ನಲಿಲ್ಲ. ರೋಷನಬಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದಳು. ಆ ಮುಖಗಳಲ್ಲಿ ಅಚ್ಚರಿ ಇರಲಿಲ್ಲ. ಅದನ್ನು ಕಂಡೇ ಆಕೆಗೆ ಅರ್ಥವಾಯಿತು. ಮಾನಮ್ಮನ ಕೈ ಕೊಡವಿದಳು.

"ನನ್ನ ಮಗಳು ಚಾಂದಬಿ ಬಾಣಂತನಕ್ಕ ನಲವತ್ತು ದಿನ ನನ್ನ ಮನಿಗೆ ಬಂದಿ. ಚಾ ಕುಡದಿ. ಖತ್ ಬಂತೇನ ಅಂತ ನೀನೂ ಕೇಳ್ದಿ."

ಮಾನಮ್ಮ ತಲೆ ತಗ್ಗಿಸಿದಳು. "ಹೌದವಾ. ಕೇಳೀನಿ."

"ಯಾರ ಹೊಡದ್ರು?"

ಮಾನಮ್ಮ ಕಂಬಕ್ಕೆ ಒರಗಿದ್ದ ನೀಲಕಂಠನ ಕಡೆ ನೋಡಿದಳು. ವಿಮಲಾಬಾಯಿ ಎದ್ದು ನಿಂತಳು.

"ಭಾವಾರ, ಅವತ್ತ ನೀವು ಅಲ್ಲಿದ್ರೇನ್ರಿ?"

ನೀಲಕಂಠನ ಮುಖ ಕಪ್ಪಿಟ್ಟಿತು. "ನನ್ನ ತಮ್ಮನ್ನ ಬಂಡ್ಯಾಗ ಹಾಕ್ಕೊಂಡು ಬಂದಾಗ ಯಾರ ಕೇಳಿದ್ರು?"

"ನಾ ಬಂದಿದ್ದೆ. ನಿಮ್ಮ ಜೋಡಿ ಕೂತು ಅತ್ತೀನಿ. ಹಮೀದ್ ಅವನ್ನ ಕೊಂದಿದ್ದನೇನ್ರಿ?"

ಅವನು ಎದ್ದು ಒಳಗೆ ಹೋದ. ಕದ ಹಾಕಿಕೊಂಡ ಸಪ್ಪಳ ಕೇಳಿಸಿತು.

ದೇವಿಂದ್ರಪ್ಪ ಹಾಳೆಯಲ್ಲಿ ರೋಷನಬಿಯ ಹೆಸರು ಬರೆದ. ಆಕೆ ಅದನ್ನು ನೋಡಲು ನಿಲ್ಲಲಿಲ್ಲ. ಊರ ಹೊರಗಿನ ತಗ್ಗಿಗೆ ನಡೆದಳು. ಹಿಂದೆ ವಿಮಲಾಬಾಯಿ, ಮಾನಮ್ಮ, ಮತ್ತೆ ಏಳೆಂಟು ಹೆಂಗಸರು ಹೋದರು. ಮಸೀದಿಯ ಮುದುಕ ಮಕ್ಸೂದ್ ಕೋಲೂರುತ್ತ ಬಂದ. ಮಾನಮ್ಮ ತೋರಿಸಿದ ಜಾಗದಲ್ಲಿ ಆಳುದ್ದದ ಕೆಂಪು ಗುಂಡಿ ಬಿದ್ದಿತ್ತು. ಹಿಂದಿನ ವರ್ಷ ಅಲ್ಲಿಂದ ಬಂಡಿಗಟ್ಟಲೆ ಮೊರಮು ತೆಗೆದು ಕಲಬುರಗಿಯ ರಸ್ತೆಗೆ ಹಾಕಿದ್ದರು. ಹುಡುಕಲು ಏನೂ ಉಳಿದಿರಲಿಲ್ಲ. ಮಕ್ಸೂದ್ ಖಾಲಿ ಗುಂಡಿಯ ಮುಂದೆ ನಿಂತು ಫಾತೆಹಾ ಓದಿದ. ರೋಷನಬಿ ಬಳೆ ಒಡೆದುಕೊಳ್ಳಲಿಲ್ಲ, ಅಳಲೂ ಇಲ್ಲ. ಬಿಸಿಲು ಇಳಿಯುವವರೆಗೆ ಅಲ್ಲೇ ಕೂತಿದ್ದಳು.

ವಿಮಲಾಬಾಯಿ ಮರಳುವ ಹೊತ್ತಿಗೆ ಆಕೆಯ ಚೀಲ ಹೊರಗಿನ ಕಟ್ಟೆಯ ಮೇಲಿತ್ತು. ಕಸ್ತೂರಿಬಾಯಿ ಬಾಗಿಲ ಸಂದಿನಿಂದ, "ನನ್ನ ಮನಿ ಮುರದಿ ನೀ," ಎಂದಷ್ಟೇ ಹೇಳಿದಳು. ಮೋಟಾರಿನಲ್ಲಿ ಆ ಕೆಂಪು ರಸ್ತೆಯ ಮೇಲೆ ಕಲಬುರಗಿಯವರೆಗೂ ವಿಮಲಾಬಾಯಿ ಕಿಟಕಿಯ ಹೊರಗೆ ನೋಡಲಿಲ್ಲ.

ವಾರದಲ್ಲಿ ಮಂಡಳಿಯ ಕೋಣೆಗಳಿಗೆ ಬೀಗ ಬಿತ್ತು. ಆಕೆ ಬೇವಿನ ಮರದ ಕೆಳಗೆ ಪಾಠ ಶುರುಮಾಡಿದಳು. ಮೂವತ್ತರಲ್ಲಿ ಒಂಬತ್ತು ಜನ ಬಂದರು. ಹಮೀದನ ಸಾವಿನ ಬಗ್ಗೆ ಹೈದರಾಬಾದಿನ ಸರಕಾರಕ್ಕೆ ಎರಡು ಸಲ ಅರ್ಜಿ ಬರೆದಳು. ಉತ್ತರ ಬರಲಿಲ್ಲ. ಅತ್ತ ಕಮಲಾಪುರದಲ್ಲಿ ದೊಡ್ಡ ಮನೆಗಳವರು ಹೆರಿಗೆಗೆ ಮಾನಮ್ಮನನ್ನು ಕರೆಯುವುದು ಬಿಟ್ಟರು. ಗಂಡ ದತ್ತಪ್ಪನಿಗೆ ಹೊಲದ ಕೆಲಸ ತಪ್ಪಿತು. ಮಳೆಗಾಲ ಮುಗಿಯುವಷ್ಟರಲ್ಲಿ ಇಬ್ಬರೂ ಗಂಟುಮೂಟೆ ಕಟ್ಟಿ ಕಲಬುರಗಿಯ ಹತ್ತಿರದ ಕೋಟನೂರಿಗೆ, ಆಕೆಯ ಅಣ್ಣನ ಗುಡಿಸಲಿಗೆ ಬಂದರು.

ಓಟಿನ ದಿನ ವಿಮಲಾಬಾಯಿ ಮತ್ತು ಮಾನಮ್ಮ ಕೂಡಿಯೇ ಕಮಲಾಪುರಕ್ಕೆ ಹೋದರು. ಮಾನಮ್ಮನ ಹೆಸರು ಇನ್ನೂ ಅಲ್ಲಿಯ ಯಾದಿಯಲ್ಲೇ ಇತ್ತು. ಹೆಂಗಸರ ಸಾಲು ಉದ್ದವಿತ್ತು. ಕಸ್ತೂರಿಬಾಯಿ ತಂಗಿಯನ್ನು ಕಂಡೂ ಕಾಣದವಳಂತೆ ಮುಂದೆ ಹೋದಳು. ಮಗಳು ಚಾಂದಬಿಯ ಜೊತೆ ರೋಷನಬಿ ಬಂದಳು. ಅಧಿಕಾರಿ ಕೇಳಿದಾಗ ತನ್ನ ಹೆಸರು ಹೇಳಿ, "ಗಂಡ ಹಮೀದ್, ಮರಹೂಮ್," ಎಂದಳು. ತೀರಿಹೋದವರಿಗೆ ಹೇಳುವ ಆ ಮಾತನ್ನು ಆಕೆ ಗಟ್ಟಿಯಾಗಿಯೇ ಹೇಳಿದಳು.

ಹೊರಗೆ ಬಂದು ಮಾನಮ್ಮನ ಎದುರು ನಿಂತಳು.

"ನೀ ಹೇಳಬಾರದಿತ್ತು," ಎಂದಳು. ಮತ್ತೆ ತಾನೇ, "ಮೊದಲೇ ಹೇಳಬೇಕಿತ್ತು," ಎಂದಳು. ಉತ್ತರಕ್ಕೆ ಕಾಯದೆ ಮಗಳ ಹೆಗಲು ಹಿಡಿದು ಹೊರಟುಹೋದಳು.

ಮೋಟಾರಿಗೆ ಕಾಯುತ್ತ ಇಬ್ಬರೂ ರಸ್ತೆಯ ಬದಿಗೆ ಕೂತರು. ಮಾನಮ್ಮ, "ಕೋಟನೂರಾಗ ಹನ್ನೆರಡು ಹೆಂಗಸರು ಸಹಿ ಕಲೀತೀವಿ ಅಂತಾರ್ರೀ. ಬರ್ತೀರೇನು?" ಎಂದು ಕೇಳಿದಳು.

"ಬರ್ತೀನಿ. ಆದ್ರ ಮಾನಮ್ಮ, ಆ ಎರಡು ದಿನ ನಾ ಬಾಯಿ ಮುಚ್ಚಿಕೊಂಡಿದ್ದು..."

"ನಾ ಮೂರು ವರ್ಷ ಮುಚ್ಚಿಕೊಂಡಿದ್ದೆ, ಅಕ್ಕೋರ," ಎಂದಳು ಮಾನಮ್ಮ. ಆ ಮಾತು ಸಮಾಧಾನಕ್ಕೆ ಹೇಳಿದ್ದಲ್ಲವೆಂದು ವಿಮಲಾಬಾಯಿಗೆ ತಿಳಿಯಿತು. ದೂರದಲ್ಲಿ ಧೂಳು ಎದ್ದಿತು. ಇಬ್ಬರೂ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.