ಒಂದೇ ಸಾಲಿನ ಜಗಳ

"ಮತ್ತೆ ಬ್ಯುಸಿ ಅಂತ ಬಂತು ಕಣಯ್ಯ," ಎಂದರು ಭಾವ ಫೋನಿನಲ್ಲಿ. "ನಿಮ್ಮಕ್ಕ ನನ್ನನ್ನ ನೋಡ್ತಿರೋ ನೋಟ ನೋಡಿದ್ರೆ ತಪ್ಪು ನಂದೇ ಇರಬೇಕು."

ತಮ್ಮ ತನ್ನ ಲ್ಯಾಪ್‌ಟಾಪಿನ ಕಡೆ ನೋಡಿದ. ಅಲ್ಲೂ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಅದೇ ಉತ್ತರ. ಭಾನುವಾರದ ಬೆಳಗಿನ ಕಾಫಿ ಪಕ್ಕದಲ್ಲೇ ತಣ್ಣಗಾಗಿ ಕೆನೆ ಕಟ್ಟಿತ್ತು. ಲಿಫ್ಟ್ ರಿಪೇರಿ ಅವನ ಕಸುಬು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಬೊಬ್ಬೆ ಹೊಡೆಯುವವರನ್ನು ಬಾಗಿಲ ಸಂದಿಯಿಂದಲೇ ಸಮಾಧಾನ ಮಾಡಿ ಇಳಿಸಿಕೊಳ್ಳುವುದರಲ್ಲಿ ಎತ್ತಿದ ಕೈ. ಆದರೆ ಇವತ್ತು ಅವನನ್ನು ಸಮಾಧಾನ ಮಾಡುವವರು ಯಾರೂ ಇರಲಿಲ್ಲ.

ಅವನು ಮಾಡಹೊರಟಿದ್ದ ಕೆಲಸ ಹೊರಗಿನವರಿಗೆ ಹುಚ್ಚಾಟದ ಹಾಗೆ ಕಾಣುವಂಥದ್ದೇ. ಅಕ್ಕ ಬಹಳ ಹಿಂದೆ ಒಂದು ಟೈಪಿಂಗ್ ಶಾಲೆ ನಡೆಸುತ್ತಿದ್ದಳು. ಟೈಪ್‌ರೈಟರುಗಳ ಕಾಲ ಮುಗಿಯುತ್ತ ಬಂದಾಗ ಎರಡು ಕಂಪ್ಯೂಟರ್ ತರಿಸಿ, ಒಂದನ್ನು ಮುಂದಿನ ಕೋಣೆಯಲ್ಲೂ ಇನ್ನೊಂದನ್ನು ಹಿಂದಿನ ಕೋಣೆಯಲ್ಲೂ ಇಟ್ಟಿದ್ದಳು. ಅಕ್ಕ ತಮ್ಮ ಇಬ್ಬರೂ ಸೇರಿ, ಗೋಡೆಗೆ ತೂತು ಕೊರೆದು ತಂತಿ ಎಳೆದು, ಅವೆರಡರ ನಡುವೆ ಮಾತಾಡಲು ಒಂದು ಪ್ರೋಗ್ರಾಂ ಬರೆದರು. ಕಲಿಯಲು ಬಂದವರ ಎದುರು ಕೂಗಾಡದೆ ಜಗಳವಾಡುವುದು ಹೇಗೆ ಎಂಬ ಸಮಸ್ಯೆಗೆ ಅವರು ಕಂಡುಕೊಂಡ ಪರಿಹಾರ ಅದು. ಒತ್ತಿದ ಅಕ್ಷರ ಒತ್ತಿದ ಕ್ಷಣವೇ ಆ ಕಡೆ ಕಾಣುತ್ತಿತ್ತು. ಇಬ್ಬರ ಅಕ್ಷರಗಳೂ ಒಂದೇ ಸಾಲಿನಲ್ಲಿ ಬೀಳುತ್ತಿದ್ದವು. ಇಬ್ಬರೂ ಒಟ್ಟಿಗೆ ಒತ್ತಿದರೆ ಕಲಸುಮೇಲೋಗರ. ಅದೊಂದು ದೋಷ, ಸರಿಮಾಡಬೇಕು ಎಂದು ಇಬ್ಬರೂ ಹೇಳುತ್ತಿದ್ದರು, ಯಾರು ಸರಿಮಾಡಬೇಕು ಎಂಬ ಜಗಳ ಬಗೆಹರಿಯದೆ ಅದು ಹಾಗೇ ಉಳಿಯಿತು.

ಈಗ ಅಕ್ಕ ಬೇರೆ ಊರಿನಲ್ಲಿದ್ದಾಳೆ. ಗಂಟಲಿನ ಆಪರೇಷನ್ ಆಗಿ ಜೀವ ಉಳಿಯಿತು, ದನಿ ಉಳಿಯಲಿಲ್ಲ. ಮೊದಲೆಲ್ಲ ದಿನಾ ಸಂಜೆ ಫೋನ್ ಮಾಡಿ, ತಮ್ಮನ ಊಟ, ಬಟ್ಟೆ, ಬುದ್ಧಿ ಒಂದನ್ನೂ ಬಿಡದೆ ಬೈಯುತ್ತಿದ್ದವಳು ಈಗ ಮೆಸೇಜಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸುತ್ತಿದ್ದಳು. ಮಾತು ಬೆಳ್ಳಿ, ಮೌನ ಬಂಗಾರ ಎಂದವನಿಗೆ ಅಕ್ಕ ಇರಲಿಲ್ಲವೆಂದು ಕಾಣುತ್ತದೆ. ಸಂಜೆಯಾದರೆ ತಮ್ಮನಿಗೆ ಮನೆಯೆಲ್ಲ ಬಿಕೋ ಎನ್ನುತ್ತಿತ್ತು. ಆ ಬೈಗುಳ ಮತ್ತೆ ಬೇಕು, ಅದಿಲ್ಲದೆ ತನಗಾಗುವುದಿಲ್ಲ ಎಂದು ಹೆಂಡತಿಯ ಹತ್ತಿರ ನಾಚಿಕೆ ಬಿಟ್ಟು ಹೇಳಿಕೊಂಡಿದ್ದ. ಮೆಸೇಜಿನಲ್ಲಿ ಬಾರದ ಜಗಳ ಆ ಹಳೆಯ ಪ್ರೋಗ್ರಾಮಿನಲ್ಲಾದರೂ ಬಂದೀತೆಂದು ಅದನ್ನೇ ಮತ್ತೆ ಎಬ್ಬಿಸಲು ಹೊರಟಿದ್ದ.

ಆ ಹಳೆಯ ಕಂಪ್ಯೂಟರುಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಆದರೆ ಅವುಗಳ ವೇಷ ಹಾಕುವ ಎಮ್ಯುಲೇಟರ್ ಎಂಬ ಪ್ರೋಗ್ರಾಂ ಸಿಗುತ್ತದೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಒಳಗೆ ಹಳೆಯ ಯಂತ್ರ ತನ್ನ ಕಾಲದಲ್ಲೇ ಇದ್ದೇನೆಂದುಕೊಂಡು ಎದ್ದು ಕೂರುತ್ತದೆ. ಅದಕ್ಕೆ ಇಂಟರ್‌ನೆಟ್ ಎಂಬ ಪದಾರ್ಥವೇ ಗೊತ್ತಿಲ್ಲ, ಗೊತ್ತಿರುವುದು ಟೆಲಿಫೋನ್ ಒಂದೇ. ಹಾಗಾಗಿ ಎಮ್ಯುಲೇಟರ್ ಅದರ ಕೈಗೆ ಒಂದು ಸುಳ್ಳು ಫೋನ್ ಕೊಡುತ್ತದೆ. ಅದು ಫೋನ್ ಮಾಡಿದ ಹಾಗೆ ಮಾಡಿದರೆ ಕರೆ ಇಂಟರ್‌ನೆಟ್ಟಿನಲ್ಲಿ ಹೋಗುತ್ತದೆ. ಹಳೆಯ ಫ್ಲಾಪಿಯಿಂದ ತೆಗೆಸಿದ ಪ್ರೋಗ್ರಾಮನ್ನು ಅವನು ಎರಡೂ ಮನೆಗಳ ಲ್ಯಾಪ್‌ಟಾಪಿಗೆ ಹಾಕಿದ್ದ. ಉಳಿದದ್ದು ಇಷ್ಟೇ: ಒಬ್ಬರು ಕರೆ ಮಾಡಬೇಕು, ಇನ್ನೊಬ್ಬರು ಕಾಯಬೇಕು.

ಕಾಯುವುದು ಆ ಮನೆತನದ ರಕ್ತದಲ್ಲೇ ಇರಲಿಲ್ಲ.

"ಭಾವ, ಅವಳು ಕಾಯ್ತಿದಾಳಾ, ಕರೆ ಮಾಡ್ತಿದಾಳಾ?"

"ತಡಿ, ನೋಡ್ತೀನಿ... ಕರೆ ಮಾಡ್ತಿದಾಳೆ."

"ನಾನೂ ಮಾಡ್ತಿದೀನಲ್ಲ! ಇಬ್ಬರೂ ಮಾಡಿದ್ರೆ ಬ್ಯುಸಿ ಬರದೆ ಇನ್ನೇನು ಬರುತ್ತೆ? ಸುಮ್ನೆ ಕಾಯೋಕೆ ಹೇಳಿ."

"ನಾನು ಹೇಳೋದಾ? ಮದುವೆಯಾದಾಗಿಂದ ಹೇಳ್ತಾನೇ ಇದೀನಪ್ಪ."

ಸರಿ, ದೊಡ್ಡವಳು, ಅವಳೇ ಮಾಡಲಿ ಎಂದು ತಮ್ಮ ಕಾಯುತ್ತ ಕೂತ. ಪರದೆ ಕದಲಲಿಲ್ಲ. ಆ ಕಡೆ ಅಕ್ಕನೂ, ಚಿಕ್ಕವನು ಆಸೆಪಡುತ್ತಾನೆ, ಅವನೇ ಮಾಡಲಿ ಎಂದು ಕೈಕಟ್ಟಿ ಕೂತಿದ್ದಾಳೆಂದು ಭಾವನಿಂದ ತಿಳಿಯುವ ಹೊತ್ತಿಗೆ ಬಿಸಿಲು ಕಿಟಕಿ ದಾಟಿ ಮೇಜಿಗೆ ಬಂದಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ಭಾವ ದನಿ ತಗ್ಗಿಸಿ, "ಅವಳ ಎರಡೂ ಕೈ ಹಿಡ್ಕೊಂಡಿದೀನಿ. ಬಿಡಿಸ್ಕೊಳ್ಳೋದ್ರೊಳಗೆ ಮಾಡು ಮಾರಾಯ!" ಎಂದರು.

ತಮ್ಮ ಮಾಡಿದ. ಪರದೆ ಒಮ್ಮೆ ಮಿಣುಕಿತು. ಸಂಪರ್ಕ ಆಯಿತು ಎಂಬ ಮಾತು ಬಂತು, ಕೆಳಗೆ ಖಾಲಿ ಸಾಲು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ಹಳೆಯ ಅಭ್ಯಾಸ ಬೆರಳಿಗೆ ತಾನಾಗಿ ಬಂತು.

"ಅಕ್ಕಾ, ಹೇಗಿದೀಯ? ಸುಸ್ತು ಮಾಡ್ಕೋಬೇಡ. ನಿಧಾನವಾಗಿ ಬರಿ. ಏನೂ ಅವಸರ ಇಲ್ಲ. ನಾನಿಲ್ಲೇ ಇದೀನಿ."

ಉತ್ತರ ಬರಲಿಲ್ಲ.

ಅವನು ಮತ್ತೆ ಬರೆದ. "ಬೇಜಾರಿಲ್ಲ ಅಕ್ಕ. ನಿಂಗೆ ಯಾವಾಗ ಆಗುತ್ತೋ ಆಗ."

ಏನೂ ಬರಲಿಲ್ಲ. ಸಂಪರ್ಕ ಕಡಿದಿದೆಯೇನೋ ಎಂದು ಪರೀಕ್ಷಿಸಿದ, ಎಲ್ಲ ಸರಿಯಾಗಿತ್ತು.

"ಭಾವ, ಅಲ್ಲಿ ಕಾಣ್ತಿದೆಯಾ?"

"ಎಲ್ಲ ಕಾಣ್ತಿದೆ ಕಣಯ್ಯ," ಭಾವನ ದನಿಯಲ್ಲಿ ನಗು ಇರಲಿಲ್ಲ. "ಓದಿದಳು. ಕೈ ತೆಗೆದು ಮಡಿಲಲ್ಲಿ ಇಟ್ಕೊಂಡಳು. ಕುರ್ಚಿ ಹಿಂದಕ್ಕೆ ತಳ್ತಿದಾಳೆ... ಸಾಕು ಅಂತ ಕೈ ಆಡಿಸ್ತಿದಾಳೆ."

ತಮ್ಮ ತಲೆಯ ಮೇಲೆ ಕೈ ಹೊತ್ತು ಕೂತ. ತಣ್ಣಗಾದ ಕಾಫಿ ಎತ್ತಿಕೊಳ್ಳಲು ಬಂದ ಹೆಂಡತಿ ಅವನ ಹೆಗಲ ಮೇಲಿಂದ ಬಗ್ಗಿ ಪರದೆಯನ್ನು ಓದಿದಳು.

"ಇದೇನ್ರೀ, ಲಿಫ್ಟಲ್ಲಿ ಸಿಕ್ಕಾಕೊಂಡಿರೋರ ಹತ್ರ ಮಾತಾಡೋ ಹಾಗೆ ಬರೆದಿದೀರಲ್ಲ?"

"ಮತ್ತೆ ಹೇಗೆ ಬರೀಲಿ? ಅವಳ ಪರಿಸ್ಥಿತಿ..."

"ಪರಿಸ್ಥಿತಿ ಅಂತ ನೋಯಿಸದ ಹಾಗೆ ಮಾತಾಡೋಕೆ ಊರೆಲ್ಲ ಇದೆ. ಅದಕ್ಕೆ ತಮ್ಮ ಯಾಕೆ?" ಎಂದು ಲೋಟ ತೆಗೆದುಕೊಂಡು ಹೋದಳು.

ಅವನಿಗೆ ಮುಖಕ್ಕೆ ನೀರು ಎರಚಿದಂತಾಯಿತು. ಆಪರೇಷನ್ ಆದಾಗಿನಿಂದ ತಾನೂ ಅಕ್ಕನಿಗೆ ಒಂದೇ ಒಂದು ಎದುರುಮಾತು ಆಡಿರಲಿಲ್ಲ. ಒಳ್ಳೆಯ ತಮ್ಮನಾಗಿಬಿಟ್ಟಿದ್ದ. ಅಂಥವನೊಬ್ಬ ಅವಳಿಗೆ ಹಿಂದೆಂದೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಭಾವ, ಒಂದು ನಿಮಿಷ ನಿಲ್ಲೋಕೆ ಹೇಳಿ," ಎಂದು ಫೋನ್ ಮೇಜಿನ ಮೇಲಿಟ್ಟು, ಕಾಲು ಕೆರೆದು ಜಗಳಕ್ಕೆ ಹೊರಟ.

"ಹೋಗೋದಾದ್ರೆ ಹೋಗು. ಇದೊಂದು ಕೇಳಿಸ್ಕೊಂಡು ಹೋಗು. ಈ ಪ್ರೋಗ್ರಾಂ ಪೂರ್ತಿ ಬರೆದದ್ದು ನಾನು. ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದೀನಿ. ನೀನು ಬರೀ ಟೈಪ್ ಮಾ"

ಅಷ್ಟರಲ್ಲಿ ಸಾಲಿನ ನಡುವೆ ಅವನು ಒತ್ತದ ಅಕ್ಷರಗಳು ಬಂದು ಬಿದ್ದವು.

"ಸುಳ್ಳ"

"ಡಿಕೊ"

"ಸುಳ್ಳಾ"

"ಟ್ಟೆ"

"ಹಸಿ ಸುಳ್ಳ ತಂತಿ ಎಳೆದೋಳು ನಾನು ಗೋಡೆ ಕೊರೆದೋಳು ನಾನು ನಿಂಗೆ ಆಗ ಮೀಸೆ ಕೂಡ ಬಂದಿರಲಿಲ್ಲ"

ಅಲ್ಲಿಂದ ಮುಂದೆ ಯಾವ ಅಕ್ಷರ ಯಾರದ್ದೆಂದು ಬೇರ್ಪಡಿಸಲು ಸಾಧ್ಯವಿರಲಿಲ್ಲ. ಅವನು 'ಮೀಸೆ ಬಂದಿತ್ತು' ಎನ್ನುವಷ್ಟರಲ್ಲಿ ಅವಳು ಮೀಸೆಯನ್ನು ಬಿಟ್ಟು ಅವನ ಕೈಬರಹಕ್ಕೆ ಬಂದಿದ್ದಳು, ಅಲ್ಲಿಂದ ಹೊಟ್ಟೆಗೆ, ಅಲ್ಲಿಂದ ಅವನು ಇಷ್ಟು ದಿನ ಕಳಿಸಿದ ಗೋಳುಮುಖದ ಮೆಸೇಜುಗಳಿಗೆ. ಹಸಿರು ಅಕ್ಷರಗಳು ಪರದೆಯ ಅಂಚು ದಾಟಿ ಕೆಳಗಿಳಿದು ಮತ್ತೆ ಅಂಚಿಗೆ ಓಡುತ್ತಿದ್ದವು. ತಮ್ಮನ ಕಣ್ಣು ಮಂಜಾಗಿ ಅರ್ಧ ಕಾಣಿಸಲೇ ಇಲ್ಲ.

ಮೇಜಿನ ಮೇಲಿದ್ದ ಫೋನಿನಿಂದ ಭಾವ ಕೂಗಿದರು. "ಅದೇನ್ ಬರೆದ್ಯೋ ಪುಣ್ಯಾತ್ಮ? ಕೀಬೋರ್ಡ್ ಪುಡಿಪುಡಿ ಮಾಡ್ತಾಳೆ. ಫೋನ್ ಇಲ್ಲೇ ಇಟ್ಟು ನಾನು ಆಚೆ ಹೋಗ್ತೀನಿ, ಹತ್ತಿರ ಇರೋದು ಕ್ಷೇಮ ಅಲ್ಲ."

ಅವರ ಹೆಜ್ಜೆ ದೂರವಾಯಿತು. ಆಮೇಲೆ ಫೋನಿನಲ್ಲಿ ಉಳಿದದ್ದು ಕೀಲಿಗಳ ಸದ್ದು ಮಾತ್ರ. ಸಿಟ್ಟಿನ ಮಾತು ಬಂದಾಗ ದಡಬಡ ಓಡಿ, ಉಸಿರು ತೆಗೆದುಕೊಳ್ಳುವ ಹಾಗೆ ಒಂದು ಕ್ಷಣ ನಿಂತು, ಮತ್ತೆ ಶುರು. ತಮ್ಮ ಟೈಪ್ ಮಾಡುವುದನ್ನು ನಿಲ್ಲಿಸಿ, ಫೋನ್ ಎತ್ತಿ ಕಿವಿಗೆ ಇಟ್ಟುಕೊಂಡ.

"ಎಲ್ಲಿ ಹಾಳಾಗಿ ಹೋದೆ," ಎಂದು ಪರದೆಯ ಮೇಲೆ ಬಂತು. "ಉತ್ತರ ಕೊಡೋ."

ಅವನು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.